ಕೈಗಿಂತ ಹಿಂದೆ ಬರುವ ಗೆರೆ

ಬಲು ಹಿಂದಿನ ಮಾತು. ಏಳು ಹೊಳೆಗಳಾಚೆ, ಬಣ್ಣಗಿರಿ ಎಂಬ ರಾಜ್ಯದಲ್ಲಿ ಮಾಳಿಂಗನೆಂಬ ಚಿತ್ರಗಾರನಿದ್ದ. ಅವನ ಬಳಿ ಒಂದು ಮಾಯಾಹಲಗೆಯಿತ್ತು. ಅದರ ಗಾಜಿನ ಮೇಲೆ ಬರೆದದ್ದೆಲ್ಲ ನಿಜವಾಗಿ ಎದ್ದು ನಿಲ್ಲುತ್ತಿತ್ತು. ಅರಮನೆಯ ಹಲಗೆಗಳೊಳಗೆ ನೂರಾರು ಭೂತಗಳು ದುಡಿಯುತ್ತಿದ್ದವು. ಮಾಳಿಂಗನ ಅಗ್ಗದ ಹಲಗೆಯೊಳಗೆ ಇದ್ದದ್ದು ತಿಣುಕನೆಂಬ ಒಂದೇ ಬಡಕಲು ಭೂತ. ಮಾಳಿಂಗ ಗೆರೆ ಎಳೆದು, ಬೆವರೊರೆಸಿ, ಎಲೆಯಡಿಕೆ ಬಾಯಿಗಿಟ್ಟ ಮೇಲೆ ಗೆರೆ ಮೂಡುತ್ತಿತ್ತು.

ಒಮ್ಮೆ ಧೂಮಾಸುರನೆಂಬ ಮಾಂತ್ರಿಕ ಆ ಊರಿಗೆ ಬಂದ. ತನ್ನ ಗಡ್ಡ ನೋಡಿ ನಕ್ಕಳೆಂದು ಮಾಳಿಂಗನ ತಂಗಿ ಕೆಂಚವ್ವನ ಮುಖವನ್ನೇ ಒರೆಸಿಕೊಂಡು ಹೋದ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ, ಮೊಟ್ಟೆಯಂಥ ನುಣುಪು. ಉಣ್ಣುವುದು ಹೇಗೆ? ಮಾಂತ್ರಿಕನ ಎದುರಿಗೇ, ಅವನು ಒಂದು ಉಸಿರೆಳೆದು ಬಿಡುವಷ್ಟರಲ್ಲಿ ಅವಳ ಮುಖ ಬರೆದರೆ ಮಾತ್ರ ಮಾಟ ಮುರಿಯುವುದು. ಮಾಳಿಂಗ ತಂಗಿಯ ಕೈಹಿಡಿದು ಮಾಂತ್ರಿಕನ ಕೋಟೆಗೆ ಹೊರಟ.

ಮೊದಲ ಬಾಗಿಲಲ್ಲಿ ಬೆಂಕಿಯುಗುಳುವ ಗೂಳಿ. ಮಾಳಿಂಗ ಹಗ್ಗ ಬರೆದ. ಹಗ್ಗ ಬರಲಿಲ್ಲ, ಗೂಳಿ ಬಂತು. ಅವನನ್ನು ಮುಳ್ಳುಪೊದೆಗೆ ಎಸೆದಾದ ಮೇಲೆ ಹಗ್ಗ ಆಕಳಿಸುತ್ತ ಬಂದು ಗೂಳಿಯ ಕೊರಳಿಗೆ ಬಿತ್ತು.

"ನಾನು ಗೀಚೋದು ಇವತ್ತು, ನೀನು ಬರೆಯೋದು ನಾಡಿದ್ದು. ನಿನ್ನ ಕಟ್ಟಿಕೊಂಡು ಹೆಣಗಿದ್ದು ಸಾಕಾಯ್ತು," ಎಂದು ಮಾಳಿಂಗ ಹಲಗೆಯೊಳಗಿನ ಭೂತದ ಮೇಲೆ ರೇಗಿದ.

ತಿಣುಕನೂ ರೇಗಿದ. ಹಾಡು ಹೇಳು ಅಂದವನು ನೀನು, ಮಳೆ ಬರುತ್ತೋ ನೋಡು ಅಂದವನು ನೀನು, ನೆರೆಯೂರ ಸುದ್ದಿ ತಾ ಅಂದವನೂ ನೀನೇ. ನಿಲ್ಲಿಸು ಅಂತ ಮಾತ್ರ ಎಂದೂ ಹೇಳಲಿಲ್ಲ, ಮೂರನ್ನೂ ಈಗಲೂ ಮಾಡ್ತಾನೇ ಇದ್ದೀನಿ ಎಂದ. ಮಾಳಿಂಗ ಮೂರನ್ನೂ ನಿಲ್ಲಿಸಿದ.

ಎರಡನೆಯ ಬಾಗಿಲಲ್ಲಿ ಜೋಡಿಹೆಡೆಯ ಹಾವು. ಮಾಳಿಂಗ ನವಿಲು ಬರೆದ. ಒಂದು ಕಾಲು ಬಂತು. ಹಾವು ಅವನ ರುಮಾಲು ನುಂಗಿತು. ಆಮೇಲೆ ಇನ್ನೊಂದು ಕಾಲು ಬಂತು. ಹಸಿಬಣ್ಣ ಸೋರುವ ದಪ್ಪ ಕುಂಚ ಹಿಡಿದರೆ ಅದರ ಒಂದೊಂದು ಕೂದಲನ್ನೂ ನಾನೊಬ್ಬನೇ ಎಳೆಯಬೇಕಲ್ಲ ಎಂದು ತಿಣುಕ ಏದುಸಿರು ಬಿಟ್ಟ. ಮಾಳಿಂಗ ಹಲ್ಲು ಕಡಿಯುತ್ತ ಸಣ್ಣ ಒಣಕುಂಚ ಹಿಡಿದ. ನವಿಲು ಗರಿಗೆದರಿತು, ಹಾವು ಓಡಿತು.

ಮೂರನೆಯ ಬಾಗಿಲೊಳಗೆ ಧೂಮಾಸುರನೇ ಉಯ್ಯಾಲೆಯಲ್ಲಿ ಕೂತಿದ್ದ. ಮಾಳಿಂಗ ಒಂದು ಗೆರೆ ಎಳೆದು ನೋಡಿದ. ಇನ್ನೂ ಅರ್ಧ ಉಸಿರಿನಷ್ಟು ತಡ.

"ಈಗೇನಯ್ಯಾ ರೋಗ ನಿನಗೆ?"

"ನಿನ್ನ ಹಾಳೆಗಳು," ಎಂದ ತಿಣುಕ.

ಮಾಳಿಂಗನ ಮನೆತನದ ಪದ್ಧತಿಯೇ ಹಾಗೆ. ಕರಡು ಚಿತ್ರಕ್ಕೊಂದು ತೆಳುಹಾಳೆ, ಬಣ್ಣಕ್ಕೊಂದು, ನೆರಳಿಗೊಂದು. ಮುಂದೆ ಬೇಕಾದೀತೆಂದು ಎಲ್ಲವನ್ನೂ ಹಲಗೆಯೊಳಗೇ ಒಂದರ ಮೇಲೊಂದು ಪೇರಿಸಿಡುವರು. ಪ್ರತಿ ಗೆರೆಗೂ ತಿಣುಕ ಆ ಅಟ್ಟಿಯನ್ನೆಲ್ಲ ಎತ್ತಿ ಇಳಿಸಬೇಕು. ಎಲ್ಲವನ್ನೂ ಒಂದಾಗಿ ಒತ್ತಿಬಿಟ್ಟರೆ ಹಗುರ. ಆದರೆ ಅವುಗಳಲ್ಲೇ ಕೆಂಚವ್ವನ ಮದುವೆಯಲ್ಲಿ ಬರೆದ ಅವಳ ಮುಖವಿತ್ತು. ಅದನ್ನೇ ನೋಡಿ ಬರೆಯಬೇಕೆಂದು ಅವನು ಅಷ್ಟು ದೂರ ಬಂದಿದ್ದ. ಒತ್ತಿದರೆ ಅದೂ ಕಲಸಿಹೋಗುವುದು.

"ಏನಪ್ಪಾ, ಮುಹೂರ್ತ ಕಾಯ್ತಿದ್ದೀಯಾ?" ಎಂದು ಕೇಳಿದ ಧೂಮಾಸುರ ಉಸಿರೆಳೆದುಕೊಂಡ.

ಆಗ ಕೆಂಚವ್ವ ಅಣ್ಣನ ತೋಳನ್ನು ಬಲವಾಗಿ ಚಿವುಟಿದಳು. ಅವನು ತಡಮಾಡಿದಾಗಲೆಲ್ಲ ಅವಳು ಹಾಗೇ ಚಿವುಟುತ್ತಿದ್ದಳು. ಚಿವುಟುವಾಗಿನ ಆ ಗಂಟುಹುಬ್ಬು, ಉಬ್ಬಿದ ಮೂಗು, ಕಚ್ಚಿದ ತುಟಿ ಅವನ ಕಣ್ಣಿಗೆ ಕಟ್ಟಿದವು. ಮಾಳಿಂಗ ಹಾಳೆಗಳನ್ನೆಲ್ಲ ಒಂದಾಗಿ ಒತ್ತಿ, ಬರೆದ. ಕೈ ಹೋದಲ್ಲಿ ಗೆರೆ ಹೋಯಿತು.

ಮಾಂತ್ರಿಕ ಬಿಟ್ಟ ಉಸಿರು ಹೊಗೆಯಾಯಿತು. ಹೊಗೆಯ ಹಿಂದೆ ಅವನೂ ಹೊಗೆಯಾಗಿ ಹೋದ.

ಕೆಂಚವ್ವ ಮುಖ ಮುಟ್ಟಿ ನೋಡಿಕೊಂಡಳು. "ಅಣ್ಣಾ, ಮೂಗು ಸೊಟ್ಟ ಬರೆದಿದ್ದೀಯ."

ತಿದ್ದಲೇ ಎಂದು ಅವನು ಕುಂಚ ಎತ್ತಿದ.

"ಬೇಡ ಪುಣ್ಯಾತ್ಮ. ನೀವಿಬ್ಬರೂ ತಿದ್ದೋದರೊಳಗೆ ನಾನು ಮುದುಕಿ ಆಗ್ತೀನಿ. ಮೊದಲು ಅನ್ನ ಹಾಕು."

ಅಂದಿನಿಂದ ಬಣ್ಣಗಿರಿಯವರೆಲ್ಲ ಉಂಡು ನಕ್ಕು ಸುಖವಾಗಿದ್ದರು. ಸೊಟ್ಟ ಮೂಗೂ ಸುಖವಾಗಿತ್ತು.