ಇಪ್ಪತ್ತು ಎಂಬತ್ತನಾಲ್ಕಾದ ದಿನ

ಜಾಂದಿರಾ ವಿಭಾಗದ ಮುಖ್ಯಸ್ಥೆಯಾಗಲಿದ್ದಾಳೆಂಬ ಸುದ್ದಿ ಅನ್ಸೆಲ್ಮೊಗೆ ಸಿಕ್ಕಿದ್ದು ಕ್ಯಾಂಟೀನಿನ ಸಾಲಿನಲ್ಲಿ. ಅನ್ನದ ಮೇಲೆ ಕರಿ ಬೀನ್ಸಿನ ಸಾರು ಹಾಕಿಸಿಕೊಳ್ಳುತ್ತಿದ್ದಾಗ ತಂತ್ರಜ್ಞ ತೋನಿಕೊ ಹಿಂದಿನಿಂದ ಭುಜ ತಟ್ಟಿದ.

“ಮೇಷ್ಟ್ರೇ, ಇನ್ಮೇಲೆ ನಿಮ್ ರಜಾ ಚೀಟಿಗೆ ಆ ಹುಡುಗೀನೇ ರುಜು ಹಾಕ್ಬೇಕಂತಲ್ಲ! ಭಾರಿ ಚೆನ್ನಾಗಿ ಪಾಠ ಹೇಳ್ಕೊಟ್ರಿ ಬಿಡಿ!”

ಸಾಲಿನವರೆಲ್ಲ ನಕ್ಕರು. ಅನ್ಸೆಲ್ಮೊನೂ ನಕ್ಕ. ಆಮೇಲೆ ತಟ್ಟೆಯನ್ನು ಹಾಗೆಯೇ ತೊಟ್ಟಿಗೆ ಸುರಿದ.

ಬ್ರೆಜಿಲಿನ ಸಾವೊ ಜೋಸೆ ಊರಿನ ನಿಯಂತ್ರಣ ಕೇಂದ್ರದಲ್ಲಿ ಅವನು ಇಪ್ಪತ್ತೊಂಬತ್ತು ವರ್ಷಗಳಿಂದ ಉಪಗ್ರಹಗಳಿಗೆ ಆದೇಶ ಕಳಿಸುತ್ತಿದ್ದ. ವರ್ಷಗಳ ಹಿಂದೆ ಹತ್ತೊಂಬತ್ತರ ಜಾಂದಿರಾ ಬೆದರುತ್ತ ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಕರೆದು ಕುರ್ಚಿ ಕೊಟ್ಟವನೂ ಅವನೇ. ಈಗ ಅವಳು ಸಾಬೂನಿನಷ್ಟು ಚಿಕ್ಕದೊಂದು ಪೆಟ್ಟಿಗೆ ಮಾಡಿದ್ದಳು. ಗಗನಯಾತ್ರಿಯ ಮೈಗೆ ಎಷ್ಟು ವಿಕಿರಣ ತಾಗುತ್ತಿದೆಯೆಂದು ಅದು ಆ ಕ್ಷಣವೇ ಹೇಳುತ್ತಿತ್ತು. ರೋಗ ಬೇರೂರಿದ ಮೇಲಲ್ಲ, ಮರೆಗೆ ಓಡಲು ಇನ್ನೂ ಹೊತ್ತಿರುವಾಗಲೇ. ಪುಟ್ಟ ಉಪಗ್ರಹವೊಂದರಲ್ಲಿ ಅದರ ಪರೀಕ್ಷೆ ನಡೆಯುತ್ತಿತ್ತು. ಇನ್ನು ಹನ್ನೊಂದು ದಿನ ಬಾಳಿದರೆ ಪೆಟ್ಟಿಗೆ ಗಗನಯಾತ್ರಿಗಳ ಎದೆಯ ಮೇಲೆ, ಅವಳು ಮುಖ್ಯಸ್ಥೆಯ ಕುರ್ಚಿಯ ಮೇಲೆ.

ಪೆಟ್ಟಿಗೆ ಬಾಳಬಾರದು ಎಂದು ಅನ್ಸೆಲ್ಮೊ ನಿಶ್ಚಯಿಸಿದ. ಅದರ ಸಾವು ಸಹಜವಾಗಿಯೂ ಕಾಣಬೇಕು. ಆಕಾಶವೇ ಅದಕ್ಕೆ ಅನುಕೂಲ ಮಾಡಿಟ್ಟಿತ್ತು. ಬ್ರೆಜಿಲಿನ ನೆತ್ತಿಯ ಮೇಲೆ ಭೂಮಿಯ ಕಾಂತದ ಹೊದಿಕೆ ತೆಳು. ಬೇರೆಡೆ ಮೇಲೆಯೇ ತಡೆದು ನಿಲ್ಲುವ ವಿಕಿರಣ ಇಲ್ಲಿ ಕೆಳಕ್ಕೆ ಇಳಿಯುತ್ತದೆ. ಕೇಂದ್ರದವರು ಅದನ್ನು ‘ಗುಂಡಿ’ ಎನ್ನುತ್ತಿದ್ದರು. ಗುಂಡಿ ದಾಟುವಾಗ ಉಪಗ್ರಹಗಳ ಗಣಕ ತೊದಲುತ್ತದೆ. ಏನು ಕೆಟ್ಟರೂ ಗುಂಡಿಯ ತಲೆಗೆ ಕಟ್ಟಿ ಕಾಫಿಗೆ ಹೋಗುವುದು ಅಲ್ಲಿಯ ಹಳೆಯ ರೂಢಿ.

ಪೆಟ್ಟಿಗೆ ಚಳಿಗೆ ಹೆಪ್ಪುಗಟ್ಟದಂತೆ ಒಳಗೊಂದು ಹೀಟರ್ ಇತ್ತು. ಇಪ್ಪತ್ತು ಡಿಗ್ರಿ ಮುಟ್ಟಿದೊಡನೆ ಅದು ಆರಬೇಕೆಂದು ಗಣಕದ ನೆನಪಿನಲ್ಲಿ ಬರೆದಿತ್ತು. ಆ ಇಪ್ಪತ್ತನ್ನು ತಿದ್ದಿದರೆ ಸಾಕು. ಆದರೆ ದಡ್ಡನಂತೆ ನೂರು ಎಂದು ಬರೆಯುವವನಲ್ಲ ಅನ್ಸೆಲ್ಮೊ. ಗಣಕದೊಳಗೆ ಎಲ್ಲ ಸಂಖ್ಯೆಗಳೂ ಬರಿಯ ಸೊನ್ನೆ, ಒಂದುಗಳ ಸಾಲು. ವಿಕಿರಣದ ಕಣ ಬಡಿದರೆ ಸಾಮಾನ್ಯವಾಗಿ ಒಂದು ಸೊನ್ನೆ ಒಂದಾಗುತ್ತದೆ, ಅಷ್ಟೇ. ಇಪ್ಪತ್ತರಲ್ಲಿ ಸರಿಯಾದ ಜಾಗದ ಒಂದೇ ಸೊನ್ನೆ ಮಗುಚಿದರೆ ಅದು ಎಂಬತ್ತನಾಲ್ಕಾಗುತ್ತದೆ. ಅರವತ್ತು ಡಿಗ್ರಿಗೇ ವಿಕಿರಣ ಅಳೆಯುವ ಪೆಟ್ಟಿಗೆಯ ಕಣ್ಣು ಸುಟ್ಟುಹೋಗುತ್ತದೆ. ಕಾಗದದ ಮೇಲೆ ಇದನ್ನು ಬರೆದು ನೋಡಿದಾಗ ಅವನಿಗೆ ಬಹುಕಾಲದ ನಂತರ ತನ್ನ ಬುದ್ಧಿಯ ಮೇಲೆ ಪ್ರೀತಿ ಹುಟ್ಟಿತು. ಕಾಗದವನ್ನು ಹರಿದು ಕಮೋಡಿಗೆ ಹಾಕಿದ.

ಗುರುವಾರ ಬೆಳಿಗ್ಗೆ ತೋನಿಕೊ ಹಲ್ಲಿನ ಡಾಕ್ಟರ ಬಳಿ ಹೋಗಿದ್ದ, ನಿಯಂತ್ರಣ ಕೋಣೆಯಲ್ಲಿ ಅನ್ಸೆಲ್ಮೊ ಒಬ್ಬನೇ. ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಉಪಗ್ರಹ ಗುಂಡಿಯೊಳಗೆ ಬಂತು. ಪರೀಕ್ಷೆಗೆಂದು ಇಟ್ಟಿದ್ದ ಹಳೆಯ ಯಂತ್ರದಿಂದ ಹೋದ ಆದೇಶ ಎಲ್ಲೂ ದಾಖಲಾಗುತ್ತಿರಲಿಲ್ಲ. ಅವನು ಅದರ ಮುಂದೆ ಕೂತು ಎಂಬತ್ತನಾಲ್ಕು ಎಂದು ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಮಾತು ನಿಲ್ಲಿಸಿತು.

ಜಾಂದಿರಾ ಸೀದಾ ಅವನ ಕೋಣೆಗೇ ಬಂದಳು. ಕೈಯಲ್ಲಿ ಮರಗೆಣಸಿನ ಹಿಟ್ಟಿನ ಚೀಸ್ ಬನ್ನಿನ ಪೊಟ್ಟಣ. ದಿನವೂ ಅವನಿಗೆಂದು ಎರಡು ತರುತ್ತಿದ್ದಳು, ಇವತ್ತೂ ಮರೆತಿರಲಿಲ್ಲ.

“ಸತ್ತೋಯ್ತು ಮೇಷ್ಟ್ರೇ. ವಿಕಿರಣಕ್ಕೆ ಜಗ್ಗಲ್ಲ ಅಂತ ಎಲ್ರ ಮುಂದೆ ಎದೆ ತಟ್ಕೊಂಡು ಹೇಳಿದ್ದೆ. ನಿಮ್ ಶಿಷ್ಯೆ ಅಂತ ಹೇಳ್ಕೊಂಡು ನಿಮ್ ಹೆಸ್ರಿಗೂ ಮಸಿ ಬಳಿದೆ.”

“ಹಾಗೆಲ್ಲ ಅನ್ಬೇಡ.”

“ಮತ್ತಿನ್ನೇನು? ಇದನ್ನ ನಂಬ್ಕೊಂಡು ಒಬ್ರು ಮೇಲೆ ಹೋಗಿದ್ದಿದ್ರೆ? ಸದ್ಯ, ಈಗ್ಲೇ ಸತ್ತಿದ್ದು ಒಳ್ಳೇದಾಯ್ತು. ಆ ಕುರ್ಚಿ ಬೇಡ ಅಂತ ಬರ್ದು ಕೊಡ್ತೀನಿ. ನಿಮ್ಮನ್ನೇ ಮಾಡಿ ಅಂತಾನೂ ಬರೀತೀನಿ.”

ಅವನು ಬಯಸಿದ್ದು ಅದೇ. ಈಗ ಕೇಳಿದರೆ ಯಾರೋ ಎಲ್ಲರೆದುರು ಅವನ ಅಂಗಿ ಬಿಚ್ಚಿಸಿದಂತಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದ.

“ಜಾಂದಿರಾ...”

“ಹೇಳಿ ಮೇಷ್ಟ್ರೇ.”

“ಊಟ ಮಾಡಿದ್ಯಾ?”

ಅವಳು ಇಲ್ಲವೆಂದು ತಲೆಯಾಡಿಸಿ, ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡು ಹೋದಳು. ಬನ್ನು ಇನ್ನೂ ಬೆಚ್ಚಗಿತ್ತು. ಅದನ್ನು ತಿನ್ನಲೂ ಆಗದೆ, ಬಿಸಾಡಲೂ ಆಗದೆ ಅವನು ಸಂಜೆಯವರೆಗೆ ಮೇಜಿನ ಖಾನೆಯಲ್ಲಿ ಮುಚ್ಚಿಟ್ಟ. ಅಂದಿನಿಂದ ಅವಳ ಹೆಜ್ಜೆಯ ಸದ್ದು ಕೇಳಿದರೆ ಕಾಗದಗಳಲ್ಲಿ ಮುಖ ಹುದುಗಿಸುತ್ತಿದ್ದ.

ಸೋಮವಾರದ ಸಭೆಗೆ ತನ್ನ ಸೋಲಿನ ವರದಿಯನ್ನು ಅವಳೇ ತಂದಳು. ಗಣಕದ ನೆನಪನ್ನು ಅಚ್ಚು ಹಾಕಿಸಿದ ಹಾಳೆಗಳನ್ನು ಹರಡಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಮೇಷ್ಟ್ರೇ, ನಂಗೆ ಇದೊಂದು ಅರ್ಥ ಆಗ್ತಿಲ್ಲ, ನೀವೇ ಹೇಳ್ಬೇಕು. ಒಂದು ಸೊನ್ನೆ ಮಗುಚಿದೆ, ಸರಿ. ಆದ್ರೆ ಪಕ್ಕದ ಈ ತಾಳೆ ಸಂಖ್ಯೆ ನೋಡಿ. ನಾವು ಕೆಳಗಿಂದ ಅಂಕಿ ತಿದ್ದಿದ್ರೆ ಗಣಕ ಹೊಸದಾಗಿ ಕೂಡಿ ಇದನ್ನೂ ತಿದ್ದತ್ತೆ. ವಿಕಿರಣ ಹೊಡೆದ್ರೆ ಅಂಕಿ ಮಾತ್ರ ಕೆಡತ್ತೆ, ಇದು ಹಳೇದೇ ಉಳೀಬೇಕು. ಇಲ್ಲಿ ಎಂಬತ್ನಾಲ್ಕಕ್ಕೆ ಸರಿಯಾಗಿ ತಾಳೆ ಬಿದ್ದಿದೆ. ವಿಕಿರಣಕ್ಕೆ ಕೂಡೋ ಲೆಕ್ಕ ಬರತ್ತಾ ಮೇಷ್ಟ್ರೇ?” ಯಾರೂ ನಗಲಿಲ್ಲ. ಆ ಸಾಲನ್ನು ಸಾವಿರ ಸಲ ಓದಿದ್ದ ಅನ್ಸೆಲ್ಮೊ ಅದರ ಕೊನೆಯಲ್ಲಿದ್ದ ತಾಳೆ ಸಂಖ್ಯೆಯನ್ನು ಎಂದೂ ಗಮನಿಸಿರಲಿಲ್ಲ. ಗುರುವಾರ ಬೆಳಿಗ್ಗೆ ಯಾರು ಕೆಲಸದಲ್ಲಿದ್ದರೆಂದು ಪಟ್ಟಿ ತೆಗೆಯುವ ಅಗತ್ಯವೂ ಬೀಳಲಿಲ್ಲ. ಉತ್ತರಕ್ಕಾಗಿ ಮೇಷ್ಟ್ರ ಮುಖ ನೋಡಿದ ಜಾಂದಿರಾಳಿಗೆ ಕಂಡದ್ದು ತಗ್ಗಿದ ಅವನ ತಲೆ.