ನೆಗ್ಗಿದ ಹಸಿರು ಬಾಗಿಲು

“ಈ ಬಾಗಿಲು ನಮ್ಮ ಕಾರಿಂದು. ಉಳಿದದ್ದು ಎಲ್ಲಿ ಬಚ್ಚಿಟ್ಟಿದೀರಿ?”

ಸೊರಬದ ಆ ಶೆಡ್ಡಿನಲ್ಲಿ ವೇದಾ ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ... ಸೀದಾ ಕಳ್ಳನ ಪಟ್ಟ!

ಕಾರಿನಡಿ ಮಲಗಿದ್ದ ಮಹಾಬಲ ಎದ್ದು ಬಂದ. ಅಕ್ಕಿ ಗಿರಣಿ ನಡೆಸುವವನು, ಹಳೇ ಮೋರಿಸ್ ಕಾರೆಂದರೆ ಊಟ ಬಿಡುವವನು. ಅವನ ಕಾರು ಬಿಳಿ, ಒಂದು ಬಾಗಿಲು ಮಾತ್ರ ಹಸಿರು. ಅದರ ನಡುವೆ ದೊಡ್ಡ ನೆಗ್ಗು.

ಆ ನೆಗ್ಗು ವೇದಾಳದೇ ಕೈಕೆಲಸ. ರಜೆಗೆ ಶಿಕಾರಿಪುರದ ಮನೆಗೆ ಬಂದಾಗ ಕಾರು ಕಲಿಯಲು ಹೋಗಿ ಗೇಟಿನ ಕಂಬಕ್ಕೆ ಗುದ್ದಿದ್ದಳು. ಇನ್ನು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಅತ್ತು ಹಾಸ್ಟೆಲಿಗೆ ಹೋದವಳು ಮತ್ತೆ ಬಂದದ್ದು ಅಪ್ಪ ಡಾಕ್ಟರ್ ನಾಗಪತಿ ತೀರಿಕೊಂಡಾಗ.

ಅವರ ಹಸಿರು ಮೋರಿಸ್ ಟಾರ್ಪಾಲಿನಡಿ ಆರು ತಿಂಗಳಿಂದ ನಿಂತೇ ಇತ್ತು. ಟಾರ್ಪಾಲೆತ್ತಿ ನೋಡುವ ಧೈರ್ಯ ವೇದಾಗೆ ಬಂದಿರಲಿಲ್ಲ. ಮೊನ್ನೆ ಬೆಳಗ್ಗೆ ಟಾರ್ಪಾಲು ನೆಲದ ಮೇಲೆ ಬಿದ್ದಿತ್ತು, ಕಾರು ಇರಲಿಲ್ಲ. ಅಪ್ಪನದೆಂದು ಉಳಿದಿದ್ದು ಅದೊಂದೇ... ಅದೂ ಹೋಗಿತ್ತು. ಸೊರಬದಲ್ಲಿ ಅಂಥದೇ ಕಾರಿದೆ ಎಂದು ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿದ್ದಳು.

“ನಿಮ್ಮಪ್ಪನೇ ಬದಲಿ ಮಾಡ್ಕೊಂಡಿದ್ದು. ನನ್ನ ಬಾಗಿಲು ಅವರಿಗೆ, ಅವರದು ನನಗೆ,” ಎಂದ ಮಹಾಬಲ.

“ಒಳ್ಳೇ ಬಾಗಿಲು ಕೊಟ್ಟು ನೆಗ್ಗಿದ್ದು ತಗೊಳ್ಳೋಕೆ ನಿಮಗೇನು ತಲೆ ಕೆಟ್ಟಿತ್ತಾ?”

“ಅದನ್ನ ಹೇಳಲ್ಲ.”

“ಹಾಗಾದ್ರೆ ಪೊಲೀಸರ ಹತ್ರ ಹೇಳಿ.”

ಅಂದದ್ದನ್ನು ಮಾಡದೆ ಬಿಡುವ ಹೆಣ್ಣೇ ಅವಳು? ದೂರು ಕೊಟ್ಟೇ ಬಿಟ್ಟಳು. ಮಹಾಬಲ ಇಡೀ ದಿನ ಠಾಣೆಯ ಬೆಂಚಿನ ಮೇಲೆ ಕೂತ. ಹೋಗಿ ಬರುವವರೆಲ್ಲ ಇಣುಕಿ ನೋಡಿದರು.

ಸಂಜೆ ಬಡೇಸಾಬರು ಬಂದರು. ಶಿಕಾರಿಪುರದ ಬಳೆ ವ್ಯಾಪಾರಿ, ಅವರದೂ ಮೋರಿಸ್ಸೇ.

“ಸಾಹೇಬ್ರೇ, ನನ್ನ ಕಾರಿನ ಬಾನೆಟ್ಟು ಆನವಟ್ಟಿ ಉಜ್ಜಪ್ಪಂದು. ಅವನ ಕಾರಿನ ದೀಪ ನಂದು. ಈ ಕಾಲದಾಗೆ ಇದರ ಸಾಮಾನು ಎಲ್ಲಿ ಸಿಗ್ತದ್ರಿ? ನಾವು ಮೋರಿಸ್ಸಿನವರು ಹಿಂಗೇ ಹಂಚ್ಕೊಂಡು ಓಡಿಸೋದು. ಇದು ಕಳ್ಳತನ ಅಂದ್ರೆ ಎಲ್ಲರನ್ನೂ ಒಳಗೆ ಹಾಕ್ರಿ.”

ಪೊಲೀಸರು ಬಿಟ್ಟರು. ಹೊರಗೆ ನಿಂತಿದ್ದ ವೇದಾಳ ಮುಖವನ್ನೂ ನೋಡದೆ ಮಹಾಬಲ ಹೇಳಿದ, “ನಿಮ್ಮ ಕಾರು ಹುಡುಕ್ತೀನಿ. ನಿಮಗೋಸ್ಕರ ಅಲ್ಲ. ಊರಿನ ಬಾಯಿ ಮುಚ್ಚಿಸ್ಬೇಕು.”

“ಸಿಗೋವರೆಗೆ ನಾನು ನಂಬಲ್ಲ.”

“ನಂಬಿ ಅಂತ ಕೇಳಿದ್ನಾ?”

ಮನೆಗೆ ಬಂದರೂ ಆ ದನಿ ಅವಳ ಕಿವಿ ಬಿಡಲಿಲ್ಲ. ‘ಕಳ್ಳನಾಗಿದ್ದರೆ ಇಷ್ಟು ಸೊಕ್ಕು ಇರುತ್ತಿತ್ತೆ? ನಾನೇ ತಪ್ಪು ಮಾಡಿದೆನೆ?’ ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ನಾಗಪತಿಯವರ ಕಾರಿನಲ್ಲಿ, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪು ಮಹಾ ಹಟಮಾರಿ. ತಟ್ಟಿ ತಟ್ಟಿ ಓಡಿಸಬೇಕು. ಅದು ಗೊತ್ತಿಲ್ಲದ ಕಳ್ಳ, ಕಾರು ದಾರಿಯಲ್ಲಿ ನಿಂತಾಗ, ಬೇರೆ ಪಂಪು ಹುಡುಕಿಕೊಂಡು ಯಾವುದಾದರೂ ಮೋರಿಸ್ಸಿನವನ ಹತ್ತಿರವೇ ಬರಬೇಕು. ಪಂಪು ಕೇಳಿದವನನ್ನು ಬಿಡಬೇಡಿ ಎಂದು ಮಹಾಬಲ ಬಸ್ ಕಂಡಕ್ಟರುಗಳ ಕೈಲಿ ಎಲ್ಲರಿಗೂ ಸುದ್ದಿ ಕಳಿಸಿದ.

ಬಂದೇ ಬಿಟ್ಟ ಪುಣ್ಯಾತ್ಮ, ಆನವಟ್ಟಿಯ ಉಜ್ಜಪ್ಪನ ಅಂಗಡಿಗೆ! “ಪಂಪು ನಾಳೆ ಬರ್ತದೆ. ಕಾರೆಲ್ಲಿದೆ ಹೇಳಿ, ನಾನೇ ಬಂದು ಕೂರಿಸ್ತೀನಿ,” ಎಂದು ಉಜ್ಜಪ್ಪ ನಯವಾಗಿ ಕೇಳಿ ಜಾಗ ತಿಳಿದುಕೊಂಡ. ಬಂದಳಿಕೆ ಊರಿನ ಹಳೇ ಗುಡಿ.

ಮರುದಿನ ಮಹಾಬಲ ಬಡೇಸಾಬರನ್ನು ಕರೆದೊಯ್ಯಲು ಶಿಕಾರಿಪುರಕ್ಕೆ ಬಂದಾಗ, ಸುದ್ದಿ ತಿಳಿದ ವೇದಾ ಕಾರಿಗೆ ಅಡ್ಡ ನಿಂತಳು.

“ನಾನೂ ಬರ್ತೀನಿ.”

“ಹಿಂದೆ ಕೂರಿ. ಮಾತಾಡಬೇಡಿ.”

ಅವಳು ಹಿಂದಿನ ಸೀಟಿಗೆ ಹತ್ತಿದಳು, ಕಾರು ಬಂದಳಿಕೆಗೆ ಓಡಿತು.

ಹಳೇ ಗುಡಿಯ ಹಿಂದೆ ಉಜ್ಜಪ್ಪ ಇನ್ನಿಬ್ಬರು ಮೋರಿಸ್ಸಿನವರ ಜೊತೆ ಸೇರಿ ಕಳ್ಳನನ್ನು ಹಿಡಿದು ಕೂರಿಸಿದ್ದ. ವೇದಾ ಅವನತ್ತ ನೋಡಲೂ ಇಲ್ಲ. ಅಪ್ಪನ ಹಸಿರು ಕಾರಿಗೆ ಒಂದು ಬಿಳಿ ಬಾಗಿಲಿತ್ತು. ಒಂದು ಗೀರೂ ಇಲ್ಲದ ಬಾಗಿಲು.

ಅದನ್ನೇ ಹಿಡಿದು ನಿಂತಳು. “ಯಾಕೆ ಕೊಟ್ರಿ ಇದನ್ನ?”

ಬಡೇಸಾಬರು ಹೇಳಿದರು, “ಮಗಳು ಹೆದರ್ಯಾಳೆ, ಆ ನೆಗ್ಗು ಕಂಡ್ರೆ ಮತ್ತೆ ಕಾರು ಮುಟ್ಟಲ್ಲ ಅಂತ ನಿಮ್ಮಪ್ಪ ಪೇಚಾಡಿದ್ರು ತಾಯಿ. ಇವ್ನು ಅವತ್ತೇ ತನ್ನ ಬಾಗಿಲು ಬಿಚ್ಚಿಕೊಟ್ಟ. ಹಸಿರು ಬಣ್ಣ ಹೊಡೆಸೋ ಮುಂಚೆ ಡಾಕ್ಟರು ಹೋಗಿಬಿಟ್ರು. ಅವಳಿಗೆ ಹೇಳಬೇಡ ಅಂದಿದ್ರು, ಇವ್ನು ಹೇಳಲಿಲ್ಲ.”

ವೇದಾ ಗಳಗಳನೆ ಅತ್ತಳು. ಅಪ್ಪ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಆಮೇಲೆ ಮಹಾಬಲನ ಎದುರು ಬಂದು ನಿಂತಳು. “ಠಾಣೆಯಲ್ಲಾದರೂ ಹೇಳಬಹುದಿತ್ತಲ್ಲ?”

“ಮಾತು ಕೊಟ್ಟಿದ್ದೆ.” ದನಿ ಇನ್ನೂ ಗಡಸು. “ನಿಮ್ಮಪ್ಪ ಸಿಕ್ಕಾಗೆಲ್ಲ ನಿಮ್ಮ ಸುದ್ದಿನೇ. ಕೇಳಿ ಕೇಳಿ... ಒಂದ್ಸಲ ನೋಡ್ಬೇಕು ಅನ್ನಿಸ್ತಿತ್ತು. ನೋಡಿದ ದಿನ ನೀವು ಕಳ್ಳ ಅಂದ್ರಿ.”

ವೇದಾ ಒಂದು ಹೆಜ್ಜೆ ಮುಂದೆ ಬಂದಳು.

“ಠಾಣೆಗೆ ಬಂದು ಎಲ್ಲರೆದುರು ತಪ್ಪು ನಂದು ಅಂತೀನಿ. ಆಮೇಲೆ ಸೊರಬಕ್ಕೂ ಬರ್ತೀನಿ, ನೀವು ಬೇಡ ಅಂದ್ರೂ. ಬೈದಿದ್ದು ನಾನು, ಆದರೆ ಅವತ್ತಿಂದ ನಿಮ್ಮದೇ ಯೋಚನೆ. ನನಗೆ ನೀವು ಬೇಕು.”

ಬಡೇಸಾಬರು ಮೆಲ್ಲಗೆ ಉಜ್ಜಪ್ಪನ ಕಡೆ ನಡೆದರು.

“ನನ್ನ ಸಿಟ್ಟು ಬೇಗ ಇಳಿಯಲ್ಲ ರೀ,” ಎಂದ ಮಹಾಬಲ.

“ಇಳಿಯೋವರೆಗೆ ಎದುರಿಗೇ ಇರ್ತೀನಿ.”

“ವರ್ಷಗಟ್ಟಲೆ ಹಿಡಿದ್ರೆ?”

“ಹಿಡೀಲಿ. ಇರ್ತೀನಿ.”

ಅವನು ಅವಳನ್ನು ನೆಟ್ಟಗೆ ನೋಡಿದ್ದು ಆಗಲೇ.

“ಹಾಗಾದ್ರೆ ಇಳಿಸೋದೇ ಇಲ್ಲ.”