ಕುವೈತಿಗೆ ಹೊರಟ ಭೀಮಕ್ಕ

"ಏಳನೇ ಕ್ಲಾಸು ಓದಿದೋರಿಗೆ ಕುವೈತಿನಾಗೆ ಯಾರು ಕೆಲಸ ಕೊಡ್ತಾರೆ?"

ಗೋವಿನಕೋವಿ ಹಳ್ಳಿಯ ಆ ಸಣ್ಣ ಮನೆಯ ಹೊಸ್ತಿಲಲ್ಲಿ ನಿಂತ ಪೊಲೀಸ್ ಪೇದೆ ತಿಪ್ಪೇಶಪ್ಪ, ಕೈಯಲ್ಲಿದ್ದ ಪಾಸ್‌ಪೋರ್ಟ್ ಅರ್ಜಿಯಿಂದ ತಲೆ ಎತ್ತದೆ ಕೇಳಿದ.

ಭೀಮಕ್ಕನ ಮೈ ಉರಿಯಿತು. ಇಪ್ಪತ್ತೆರಡರ ಅವಳು ಹೊನ್ನಾಳಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ.

"ಕೂಸಿನ ಬಟ್ಟೆ ಒಗೆಯಾಕೆ ಡಿಗ್ರಿ ಬೇಕೇನ್ರಿ? ನಮ್ಮಕ್ಕ ಅಂಜಮ್ಮ ನನ್ನಷ್ಟೂ ಓದಿಲ್ಲ. ಹೋಗಿ ಎರಡು ವರ್ಷ ಆತು."

ಆಗ ಅವನು ತಲೆ ಎತ್ತಿದ. ಆ ನೋಟದಲ್ಲಿ ಪೊಲೀಸರ ಗತ್ತಿರಲಿಲ್ಲ... ಏನೋ ಹೆದರಿಕೆಯಿತ್ತು. ಅವನು ಹೋದ ಮೇಲೂ ಆ ಕಣ್ಣುಗಳು ಅವಳನ್ನು ಬಿಡಲಿಲ್ಲ.

ಅದು 1983. ತಾಯಿ ತೀರಿದ ಮೇಲೆ ಭೀಮಕ್ಕನಿಗೆ ಉಳಿದವಳು ಅಕ್ಕ ಒಬ್ಬಳೇ. ಮನೆಗೆಲಸಕ್ಕೆಂದು ಕುವೈತಿಗೆ ಹೋದ ಅಂಜಮ್ಮನ ಪತ್ರಗಳು ಎಂಟು ತಿಂಗಳಿಂದ ನಿಂತಿದ್ದವು. ಅವಳನ್ನು ಕಳಿಸಿದ ಬೊಂಬಾಯಿಯ ಏಜೆಂಟನೇ ಭೀಮಕ್ಕನಿಗೂ ಕೆಲಸ ಕೊಡಿಸುತ್ತೇನೆಂದಿದ್ದ. ಹೋಗಿ ಅಕ್ಕನನ್ನು ಹುಡುಕಬೇಕು, ಅಷ್ಟೇ ಅವಳ ಹಟ.

ತಿಪ್ಪೇಶಪ್ಪ ಮತ್ತೆ ಮತ್ತೆ ಬಂದ. ಏಜೆಂಟನ ವಿಳಾಸ ಕೇಳಿದ, ಅಕ್ಕನ ಹಳೆಯ ಪತ್ರ ಕೇಳಿದ. ಒಮ್ಮೆ ನೀರು ಕುಡಿದು, ಚೊಂಬನ್ನು ತಾನೇ ತೊಳೆದಿಟ್ಟು ಹೋದ. ಅವನ ಸೈಕಲ್ ಬೆಲ್ ಸದ್ದಿಗೆ ಅವಳ ಕಿವಿ ನಿಮಿರತೊಡಗಿತು.

'ಇವನಿಗೆ ಕಾಯ್ತಿದೀನಾ ನಾನು?' ತನ್ನ ಮೇಲೇ ಸಿಟ್ಟು ಬಂತು.

ಆರು ತಿಂಗಳಾದರೂ ಅರ್ಜಿ ಮುಂದೆ ಹೋಗಲಿಲ್ಲ.

"ನಿನ್ನ ಮ್ಯಾಲೆ ಮನಸಾಗೈತೆ ಅವನಿಗೆ," ಎಂದಳು ಪಕ್ಕದ ಮನೆಯ ಶಿವಗಂಗಮ್ಮ. "ಅದಕ್ಕೇ ಕಾಗದ ಹಿಡಿದಿಟ್ಟಾನೆ."

ಮರುದಿನವೇ ಭೀಮಕ್ಕ ಠಾಣೆಗೆ ಹೋದಳು.

"ನಮ್ಮಕ್ಕ ಅಲ್ಲಿ ಹೆಂಗದಾಳೋ ಏನೋ... ನಿಮ್ಮ ಆಸೆಗೆ ನನ್ನ ದಾರಿ ಕಟ್ತೀರಾ?"

ಅವನು ಅವಳನ್ನು ಹೊರಗೆ ಬೇವಿನ ಮರದಡಿ ಕರೆದೊಯ್ದು, ಜೇಬಿನಿಂದ ಒಂದು ಕಾಗದ ತೆಗೆದ.

"ಏಜೆಂಟನ ವಿಳಾಸದಾಗೆ ಯಾರೂ ಇಲ್ಲ. ಕುವೈತಿನಾಗಿರೋ ನಮ್ಮ ರಾಯಭಾರ ಕಚೇರಿಗೆ ಬರೆಸಿ ಕೇಳಿದ್ದೆ. ಉತ್ತರ ಬಂದು ಹತ್ತು ದಿನ ಆತು... ನಿಮಗೆ ಹೇಳಾಕೆ ಬಾಯಿ ಬರಲಿಲ್ಲ."

ಮೂರನೇ ಮಹಡಿಯ ಕಿಟಕಿ ಒರೆಸುವಾಗ ಬಿದ್ದು ಅಂಜಮ್ಮ ಸತ್ತು ವರ್ಷದ ಮೇಲಾಗಿತ್ತು. ವಾರಸುದಾರರದೆಂದು ಕಾಗದದಲ್ಲಿದ್ದದ್ದು ಏಜೆಂಟನ ಆ ಸುಳ್ಳು ವಿಳಾಸವೇ; ಯಾರೂ ಸಿಗದೆ ಅಲ್ಲೇ ಮಣ್ಣು ಮಾಡಿದ್ದರು.

ಭೀಮಕ್ಕ ಅಳಲಿಲ್ಲ. ನೆಲದ ಮೇಲೆ ಕುಳಿತುಬಿಟ್ಟಳು.

"ನಿಮ್ಮಕ್ಕನ ಅರ್ಜಿಗೂ ವರದಿ ಬರೆದೋನು ನಾನೇ," ಎಂದ ಅವನು. "ಏಜೆಂಟ ಯಾರು ಅಂತಾನೂ ವಿಚಾರಿಸದೆ ಸಹಿ ಹಾಕಿದ್ದೆ."

"ಇನ್ನು ನನ್ನ ಕಣ್ಣಿಗೆ ಬೀಳಬ್ಯಾಡ್ರಿ."

ಅಷ್ಟೇ ಹೇಳಿ ಎದ್ದು ಹೋದಳು.

ವರ್ಷದ ನಂತರ ಕುವೈತಿನ ಆಸ್ಪತ್ರೆಯೊಂದು ಬೆಂಗಳೂರಿನಲ್ಲಿ ಸಂದರ್ಶನ ಮಾಡಿ ಆಯಾಗಳನ್ನು ತೆಗೆದುಕೊಂಡಿತು. ಹೆಚ್ಚಿನ ಓದು ಬೇಡ, ಕೆಲಸದ ಅನುಭವ ಸಾಕು. ಅಕ್ಕನ ಸಮಾಧಿಯನ್ನಾದರೂ ನೋಡಬೇಕೆಂದು ಭೀಮಕ್ಕ ಮತ್ತೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ತಿಪ್ಪೇಶಪ್ಪ ಬೆಂಗಳೂರಿಗೇ ಹೋಗಿ ಆ ಆಸ್ಪತ್ರೆಯ ಕಾಗದಗಳನ್ನೆಲ್ಲ ವಿಚಾರಿಸಿ, ವರದಿ ಕಳಿಸಿದ. ಅವಳೆದುರು ಬರಲೇ ಇಲ್ಲ.

ಕುವೈತಿನಲ್ಲಿ ಒಂದು ಕೋಣೆಗೆ ಎಂಟು ಹೆಂಗಸರು. ಹೆಣ ತೊಳೆಯುವ ಪಾಳಿಯೂ ಅವಳದೇ. ಅಕ್ಕನ ಸಮಾಧಿಗೆ ಹೆಸರಿರಲಿಲ್ಲ, ನಂಬರಿತ್ತು. ಅದರ ಮುಂದೆ ಕುಳಿತು ಮೊದಲ ಬಾರಿ ಅತ್ತಳು... ಅಳುವಾಗ ಅವನ ನೆನಪಾಯಿತು. ತನ್ನ ತಪ್ಪನ್ನು ಅವನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಅವಳೇ ಪತ್ರ ಬರೆದಳು. ಉತ್ತರ ಬಂತು. ಆಮೇಲೆ ತಿಂಗಳಿಗೊಂದು.

1987ರಲ್ಲಿ ರಜೆಗೆ ಬಂದಾಗ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಅವನು ನಿಂತಿದ್ದ.

"ಸೊರಗೀರಿ," ಎಂದ.

"ನೀವೂ."

"ಮತ್ತೆ ಹೋಗ್ತೀರಾ?"

"ಇನ್ನೂ ಎರಡು ವರ್ಷ ಒಪ್ಪಂದ ಐತೆ. ಇಲ್ಲಿ ನನಗ್ಯಾರದಾರೆ?"

"ನಾನಿದೀನಿ..." ಎಂದ ಅವನು. "ಮೊದಲ ದಿನದಿಂದಾನೇ. ಹೇಳೋ ಯೋಗ್ಯತೆ ಇರಲಿಲ್ಲ. ಇಲ್ಲೇ ಇರ್ರಿ ಅನ್ನಲ್ಲ. ನನಗೆ ಗಾಡಿ ಓಡಿಸಾಕೆ ಬರ್ತೈತೆ. ಅಲ್ಲಿ ಕೆಲಸ ಸಿಗ್ತೈತಾ?"

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಆಂಬುಲೆನ್ಸಿಗೆ ಡ್ರೈವರ್ ಬೇಕಂತೆ. ಆದ್ರೆ ಅದು ಸುಖದ ಊರಲ್ಲ. ಮದುವೆ ಆದ್ರೂ ನಿಮಗೊಂದು ಕಡೆ ಕೋಣೆ, ನನಗೊಂದು ಕಡೆ. ಶುಕ್ರವಾರ ಅಷ್ಟೇ ನೋಡಾಕೆ ಬಿಡ್ತಾರೆ."

ಮದುವೆಯ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ಆಮೇಲೆ ಹೊಳೆಯಿತು. ಮುಖ ತಿರುಗಿಸಿದಳು.

"ಮೂರು ವರ್ಷ ನಿಮ್ಮನ್ನ ಒಂದು ದಿನಾನೂ ಕಂಡಿಲ್ಲ," ಎಂದ ಅವನು ಮೆಲ್ಲಗೆ. "ವಾರಕ್ಕೊಂದು ದಿನ ಅಂದ್ರೆ ಬಹಳ ಆತು."

ಭೀಮಕ್ಕ ತನ್ನ ಚೀಲವನ್ನು ಅವನತ್ತ ಚಾಚಿದಳು.

"ಹಂಗಾದ್ರೆ ಇದನ್ನ ಹಿಡ್ಕೊಳ್ರಿ... ಕೈ ಸೋತೈತೆ."